ಹೊಟ್ಟೆನೋವೆಂದು ಕಡೆಗಣಿಸದಿರೋಣ: ಚರ್ಮ-ಸ್ನಾಯು ಉರಿಯೂತದಲ್ಲಿ ರಕ್ತನಾಳ ಮತ್ತು ಕರುಳಿನ ತೊಡಕುಗಳು



ರೋಗವು ಕಣ್ಣಿಗೆ ಕಾಣುವ ಜಾಗದಲ್ಲಿಯೇ ಇರುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚರ್ಮದ ಮೇಲೆ ಕಲೆ ಮೂಡಿದರೆ ಅದು ಚರ್ಮರೋಗ, ಕೈಕಾಲು ಸೋತರೆ ಅದು ನಿಶ್ಶಕ್ತಿ, ಹೊಟ್ಟೆ ನೊಂದರೆ ಅದು ಅಜೀರ್ಣ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುವುದು ನಮ್ಮ ರೂಢಿ. ಬಹುತೇಕ ಸಂದರ್ಭಗಳಲ್ಲಿ ಇದರಿಂದ ಹಾನಿಯೇನೂ ಆಗುವುದಿಲ್ಲ. ಆದರೆ ಈ ಮೂರೂ ಒಂದೇ ಬೇರಿನಿಂದ ಹುಟ್ಟುವ ರೋಗವೊಂದಿದೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಡರ್ಮಟೊಮಯೋಸೈಟಿಸ್ ಎಂದು ಹೆಸರು. ಚರ್ಮ ಮತ್ತು ಸ್ನಾಯುಗಳ ಉರಿಯೂತ ಎಂಬುದು ಅದರ ಅರ್ಥ. ಇದು ವಿರಳವಾದ ರೋಗವೆಂಬುದು ನಿಜ. ಆದರೂ ಈ ಸಂಚಿಕೆಯಲ್ಲಿ ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಈ ರೋಗವುಳ್ಳ ಮಗುವಿನ ಹೊಟ್ಟೆನೋವನ್ನು ಒಂದೆರಡು ದಿನ ಕಾಯ್ದು ನೋಡೋಣ ಎಂದು ಮನೆಯಲ್ಲಿ ಉಳಿಸಿಕೊಳ್ಳುವುದು ಪ್ರಾಣಕ್ಕೇ ಎರವಾಗಬಲ್ಲುದು. ಸಕಾಲದಲ್ಲಿ ತಿಳಿದರೆ ಅದೇ ಮಗುವನ್ನು ಉಳಿಸಿಕೊಳ್ಳಬಹುದು.

ರೋಗದ ಪರಿಚಯ

ಉದಾಹರಣೆಗೆ ಏಳು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮನೆಯ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದವಳು ಈಗ ಗೋಡೆ ಹಿಡಿದು ಹತ್ತುತ್ತಾಳೆ. ನೆಲದ ಮೇಲೆ ಊಟಕ್ಕೆ ಕುಳಿತವಳು ಏಳಬೇಕಾದರೆ ಮೊಣಕಾಲಿನ ಮೇಲೆ ಕೈಯೂರಬೇಕು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಸೋಲುತ್ತದೆ. ಕಣ್ಣಿನ ಮೇಲ್ರೆಪ್ಪೆಗಳಲ್ಲಿ ನೇರಳೆ ಛಾಯೆಯ ಕೆಂಪು, ಕೆನ್ನೆಯ ಮೇಲೆ ಬಿಸಿಲಿಗೆ ಹೆಚ್ಚಾಗುವ ಕಲೆ, ಬೆರಳ ಗೆಣ್ಣುಗಳ ಮೇಲೆ ಹೊಪ್ಪಳಿಕೆಯುಳ್ಳ ಸಣ್ಣ ಗಂಟುಗಳು. ಮನೆಯವರು ಮೊದಲು ಬಿಸಿಲಿನ ಅಲರ್ಜಿ ಎಂದುಕೊಳ್ಳುತ್ತಾರೆ. ಮಗು ಸೋಮಾರಿಯಾಗಿದೆ ಎಂದು ಗದರಿಸುವುದೂ ಉಂಟು, ದೃಷ್ಟಿ ತಾಗಿದೆ ಎಂದು ನಿವಾಳಿಸುವುದೂ ಉಂಟು. ಹೀಗೆ ತಿಂಗಳುಗಳು ಕಳೆಯುತ್ತವೆ.

ಭುಜ ಮತ್ತು ತೊಡೆಯ ದೊಡ್ಡ ಸ್ನಾಯುಗಳ ಸೋಲು, ಜೊತೆಗೆ ಇಂತಹ ಕಲೆಗಳು ಕಂಡಾಗ ವೈದ್ಯರಿಗೆ ಈ ರೋಗದ ಸಂಶಯ ಬರುತ್ತದೆ. ಗೆಣ್ಣುಗಳ ಮೇಲಿನ ಗಂಟುಗಳನ್ನು ಜರ್ಮನಿಯ ಚರ್ಮವೈದ್ಯ ಗೊಟ್ರನ್ ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಸ್ನಾಯುಗಳ ಉರಿಯೂತವನ್ನು 1863ರಲ್ಲಿ ಜರ್ಮನಿಯ ವಾಗ್ನರ್ ವರ್ಣಿಸಿದರು. 1891ರಲ್ಲಿ ಅನ್‌ವೆರಿಷ್ಟ್ ಇದಕ್ಕೆ ಡರ್ಮಟೊಮಯೋಸೈಟಿಸ್ ಎಂಬ ಹೆಸರನ್ನಿತ್ತರು. ಈ ರೋಗವು ಮಕ್ಕಳಲ್ಲಿಯೂ ವಯಸ್ಕರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಲೆಕ್ಕದಂತೆ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಕ್ಕಳಿಗೆ ಇದು ಹೊಸದಾಗಿ ತಗಲುತ್ತದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಆದುದರಿಂದ ಇಂತಹ ಮಗುವನ್ನು ಶಾಲೆಯಲ್ಲಾಗಲಿ ಪಂಕ್ತಿಯಲ್ಲಾಗಲಿ ದೂರವಿಡಲು ಕಾರಣವೇ ಇಲ್ಲ.

ಮೂಲ ತೊಂದರೆ ಎಲ್ಲಿದೆ?

ಹೆಸರಿನಲ್ಲಿ ಚರ್ಮವೂ ಸ್ನಾಯುವೂ ಇವೆ. ಆದರೆ ತೊಂದರೆಯ ಮೂಲ ಬಹುಮಟ್ಟಿಗೆ ಇರುವುದು ರಕ್ತನಾಳಗಳಲ್ಲಿ. ಅಮೆರಿಕದ ವೈದ್ಯರಾದ ಬ್ಯಾಂಕರ್ ಮತ್ತು ವಿಕ್ಟರ್ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ಮುಂದಿಟ್ಟರು. ಈ ರೋಗದಿಂದ ತೀರಿಕೊಂಡ ಮಕ್ಕಳ ಅಂಗಾಂಗಗಳನ್ನು ಪರೀಕ್ಷಿಸಿದಾಗ ಚರ್ಮ, ಸ್ನಾಯು, ಕೊಬ್ಬು, ನರ ಹಾಗೂ ಜೀರ್ಣಾಂಗಗಳ ಸಣ್ಣ ರಕ್ತನಾಳಗಳೆಲ್ಲವೂ ಕೆಟ್ಟಿದ್ದುದು ಅವರಿಗೆ ಕಂಡುಬಂದಿತು. ಆದುದರಿಂದಲೇ ಮಕ್ಕಳ ಡರ್ಮಟೊಮಯೋಸೈಟಿಸ್ ಇಡೀ ಶರೀರದ ರಕ್ತನಾಳಗಳ ರೋಗವೆಂದು ಅವರು ಹೇಳಿದರು.

ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಸಂಕ್ಷೇಪವಾಗಿ ನೋಡೋಣ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯು ಈ ರೋಗದಲ್ಲಿ ದಾರಿ ತಪ್ಪಿ, ತನ್ನದೇ ಶರೀರದ ಮೇಲೆ ತಿರುಗಿ ಬೀಳುತ್ತದೆ. ವೈರಾಣುಗಳ ವಿರುದ್ಧ ಹೋರಾಡಲೆಂದು ಹುಟ್ಟುವ ಇಂಟರ್ಫೆರಾನ್ ಎಂಬ ದ್ರವ್ಯವು ಕಾರಣವಿಲ್ಲದೆ ಅಧಿಕವಾಗಿ ಉತ್ಪತ್ತಿಯಾಗುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಲೋಮನಾಳಗಳ ಗೋಡೆಯ ಮೇಲೆ ಕುಳಿತು ಅದನ್ನು ಹಾಳುಮಾಡುತ್ತವೆ. ಗೋಡೆಯ ಕೋಶಗಳು ಊದಿಕೊಂಡು ನಾಳದ ದಾರಿ ಕಿರಿದಾಗುತ್ತದೆ. ಕೆಲವೆಡೆ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ಕ್ರಮೇಣ ಅನೇಕ ಲೋಮನಾಳಗಳು ಇಲ್ಲವಾಗಿಬಿಡುತ್ತವೆ.

ಇದರ ಪರಿಣಾಮವನ್ನು ನೀರಾವರಿಯ ಹೋಲಿಕೆಯಿಂದ ತಿಳಿಯಬಹುದು. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಭಾಗದ ಹೊಲ. ಸ್ನಾಯುವಿನಲ್ಲಿಯೂ ಹಾಗೆಯೇ. ಸ್ನಾಯುವಿನ ಎಳೆಗಳು ಕಟ್ಟುಕಟ್ಟಾಗಿ ಜೋಡಣೆಗೊಂಡಿರುತ್ತವೆ. ಈ ರೋಗದಲ್ಲಿ ಕಟ್ಟಿನ ಅಂಚಿನಲ್ಲಿರುವ ಎಳೆಗಳೇ ಮೊದಲು ಸೊರಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ರಕ್ತದ ಅಭಾವವು ಇದಕ್ಕೊಂದು ಮುಖ್ಯ ಕಾರಣ.

ಈ ಹಾನಿಯನ್ನು ಹೊರಗಿನಿಂದಲೇ ನೋಡಲು ಒಂದು ಕಿಟಕಿಯೂ ಇದೆ. ಅದು ಉಗುರಿನ ಬುಡ. ಅಲ್ಲಿಯ ಚರ್ಮ ತೆಳುವಾದುದರಿಂದ ಭೂತಗನ್ನಡಿಯಿಂದಲೋ ಸೂಕ್ಷ್ಮದರ್ಶಕದಿಂದಲೋ ಲೋಮನಾಳಗಳನ್ನು ನೇರವಾಗಿ ನೋಡಬಹುದು. ಆರೋಗ್ಯವಂತರಲ್ಲಿ ಅವು ಹೇರ್‌ಪಿನ್ನಿನಂತೆ ಬಾಗಿ ಸಾಲಾಗಿ ನಿಂತಿರುತ್ತವೆ. ರೋಗಿಗಳಲ್ಲಿ ಕೆಲವು ಊದಿಕೊಂಡು ಸೊಟ್ಟಗಾಗಿರುತ್ತವೆ, ಕೆಲವು ಕವಲೊಡೆದಿರುತ್ತವೆ, ನಡುನಡುವೆ ನಾಳಗಳೇ ಇಲ್ಲದ ಬರಿದಾದ ಜಾಗಗಳಿರುತ್ತವೆ. ವೈದ್ಯರು ಮಗುವಿನ ಬೆರಳುಗಳನ್ನು ಹಿಡಿದು ಉಗುರನ್ನೇಕೆ ಇಷ್ಟು ಹೊತ್ತು ನೋಡುತ್ತಾರೆ ಎಂದು ಪೋಷಕರಿಗೆ ಆಶ್ಚರ್ಯವಾಗಬಹುದು. ಅವರು ನೋಡುತ್ತಿರುವುದು ಉಗುರನ್ನಲ್ಲ, ಇಡೀ ಶರೀರದ ರಕ್ತನಾಳಗಳ ಸ್ಥಿತಿಯನ್ನು.

ಕರುಳಿನಲ್ಲಿ ನಡೆಯುವುದೇನು?

ಆಹಾರವನ್ನು ಜೀರ್ಣಿಸಿ, ಅದರ ಸಾರವನ್ನು ಹೀರಿ, ಹೊರಗಿನ ರೋಗಾಣುಗಳನ್ನು ತಡೆಯುವ ಕರುಳಿನ ಒಳಪದರಕ್ಕೆ ನಿರಂತರವಾಗಿ ರಕ್ತ ಬೇಕು. ಅದರ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತಿರುತ್ತವೆ. ಲೋಮನಾಳಗಳು ಮುಚ್ಚಿಹೋದಾಗ ಈ ಒಳಪದರ ಮೊದಲು ಸೊರಗುತ್ತದೆ. ಅನ್ನನಾಳದಿಂದ ದೊಡ್ಡ ಕರುಳಿನವರೆಗೆ ಎಲ್ಲಿ ಬೇಕಾದರೂ ಹುಣ್ಣಾಗಬಹುದು. ಹುಣ್ಣಿನಿಂದ ರಕ್ತ ಸೋರಬಹುದು. ಕರುಳಿನ ಗೋಡೆಯ ಪದರಗಳ ನಡುವೆ ಗಾಳಿಯ ಗುಳ್ಳೆಗಳು ಸೇರಿಕೊಳ್ಳಬಹುದು. ಹಾನಿ ಗೋಡೆಯ ಪೂರ್ಣ ದಪ್ಪಕ್ಕೂ ತಲುಪಿದರೆ ಅಲ್ಲಿ ರಂಧ್ರವೇ ಬೀಳುತ್ತದೆ. ಆಗ ಕರುಳಿನೊಳಗಿನ ಮಲಿನ ದ್ರವ ಹೊಟ್ಟೆಯೊಳಗೆ ಹರಡಿ, ಸೋಂಕು ರಕ್ತಕ್ಕೂ ಸೇರಿ, ಕೆಲವೇ ತಾಸುಗಳಲ್ಲಿ ಜೀವಕ್ಕೆ ಅಪಾಯ ಒದಗುತ್ತದೆ.

ಈ ತೊಡಕು ರೋಗವುಳ್ಳ ಎಲ್ಲ ಮಕ್ಕಳಿಗೂ ಬರುವುದಿಲ್ಲ. ಬರುವುದು ಕೆಲವರಿಗೆ ಮಾತ್ರ. ರೋಗ ತೀವ್ರವಾಗಿರುವ ಮಕ್ಕಳಲ್ಲಿ, ಚರ್ಮದ ಮೇಲೆಯೇ ಹುಣ್ಣುಗಳಾಗಿರುವ ಮಕ್ಕಳಲ್ಲಿ ವೈದ್ಯರು ಹೆಚ್ಚಿನ ಎಚ್ಚರ ವಹಿಸುತ್ತಾರೆ. ಚರ್ಮಕ್ಕೆ ರಕ್ತ ಸಾಲದೆ ಹುಣ್ಣಾಗಿದ್ದರೆ ಕರುಳಿನಲ್ಲಿಯೂ ಅದೇ ಆಗುತ್ತಿರಬಹುದು ಎಂಬುದೇ ಇದರ ತರ್ಕ. ರಕ್ತದಲ್ಲಿ ಎನ್‌ಎಕ್ಸ್‌ಪಿ-2 ಎಂಬ ಪ್ರತಿಕಾಯವಿರುವ ಮಕ್ಕಳಲ್ಲಿಯೂ ಕರುಳಿನ ತೊಡಕು ಹೆಚ್ಚಾಗಿ ವರದಿಯಾಗಿದೆ.

ಇದರ ಜೊತೆಗೆ ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಮೊದಲನೆಯದು, ನುಂಗುವುದೂ ಸ್ನಾಯುಗಳ ಕೆಲಸವೇ. ಗಂಟಲಿನ ಸ್ನಾಯುಗಳು ಸೋತಾಗ ನೀರು ಮೂಗಿನಿಂದ ಹೊರಬರಬಹುದು, ದನಿ ಮೂಗಿನಲ್ಲಿ ಮಾತನಾಡಿದಂತೆ ಆಗಬಹುದು, ಅನ್ನವು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಊಟದ ನಡುವೆ ಮಗು ಪದೇ ಪದೇ ಕೆಮ್ಮಿದರೆ ಅದನ್ನು ಆತುರದ ಊಟವೆಂದು ತಳ್ಳಿಹಾಕಬಾರದು. ಎರಡನೆಯದು, ಕರುಳಿನ ರಕ್ತನಾಳಗಳು ಕೆಟ್ಟಾಗ ನುಂಗಿದ ಮಾತ್ರೆಯೂ ಸರಿಯಾಗಿ ರಕ್ತಕ್ಕೆ ಸೇರದಿರಬಹುದು. ಮಾತ್ರೆ ತಪ್ಪದೆ ಕೊಡುತ್ತಿದ್ದೇವೆ, ಆದರೂ ಮಗು ಚೇತರಿಸಿಕೊಳ್ಳುತ್ತಿಲ್ಲ ಎಂದು ಪೋಷಕರು ನೊಂದುಕೊಳ್ಳುವುದುಂಟು. ತಪ್ಪು ಅವರದಲ್ಲ. ಇಂತಹ ಸಂದರ್ಭದಲ್ಲಿ ಔಷಧಿಯನ್ನು ರಕ್ತನಾಳದ ಮೂಲಕವೇ ನೀಡಬೇಕಾಗುತ್ತದೆ.

ಅಪಾಯ ಏಕೆ ಮರೆಯಾಗುತ್ತದೆ?

ಕರುಳಿನಲ್ಲಿ ರಂಧ್ರವಾದ ಸಾಮಾನ್ಯ ರೋಗಿಯ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಜ್ವರ ಏರುತ್ತದೆ, ನೋವು ತಾಳಲಾರದಷ್ಟಿರುತ್ತದೆ. ಆದರೆ ಡರ್ಮಟೊಮಯೋಸೈಟಿಸ್ ಇರುವ ಮಗು ಬಹುಪಾಲು ಸ್ಟೀರಾಯ್ಡ್ ಔಷಧಿಯನ್ನು ತೆಗೆದುಕೊಳ್ಳುತ್ತಿರುತ್ತದೆ. ಉರಿಯೂತವನ್ನು ತಗ್ಗಿಸುವುದೇ ಸ್ಟೀರಾಯ್ಡಿನ ಗುಣ. ನೋವು, ಜ್ವರ, ಬಿಗಿತ ಇವೆಲ್ಲ ಉರಿಯೂತದ ಗುರುತುಗಳೇ ಆದುದರಿಂದ ಅವೂ ತಗ್ಗಿಹೋಗುತ್ತವೆ. ಒಳಗೆ ರಂಧ್ರವಾಗಿದ್ದರೂ ಹೊರಗೆ ಸಾಧಾರಣ ಹೊಟ್ಟೆನೋವಿನಂತೆಯೇ ತೋರಬಹುದು. ಹೊಟ್ಟೆಯ ಸ್ನಾಯುಗಳೂ ಸೋತಿರುವುದರಿಂದ ಅವು ಬಿಗಿಯುವ ಶಕ್ತಿಯನ್ನೇ ಕಳೆದುಕೊಂಡಿರಬಹುದು.

ಮತ್ತೊಂದು ಕಾರಣವೂ ಇದೆ. ಈ ರೋಗದಲ್ಲಿ ರಂಧ್ರ ಬಿದ್ದುದು ವರದಿಯಾಗಿರುವ ಜಾಗಗಳಲ್ಲಿ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ ಒಂದು. ಅದರ ಬಹುಭಾಗ ಹೊಟ್ಟೆಯ ಹಿಂಬದಿಯಲ್ಲಿ, ಬೆನ್ನಿಗೆ ಆತುಕೊಂಡಿದೆ. ಅಲ್ಲಿ ರಂಧ್ರವಾದರೆ ಸೋರಿಕೆ ಹಿಂಭಾಗದಲ್ಲಿಯೇ ಉಳಿಯುತ್ತದೆ. ಮುಂದಿನಿಂದ ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೆಯೇ ಇರಬಹುದು, ಸಾಮಾನ್ಯ ಎಕ್ಸ್‌ರೇಯಲ್ಲಿಯೂ ಏನೂ ಕಾಣದಿರಬಹುದು. ಆದುದರಿಂದ ನೋವು ಬಿಡದೆ ಉಳಿದರೆ, ನಾಡಿಯ ಬಡಿತ ಕಾರಣವಿಲ್ಲದೆ ವೇಗವಾಗಿಯೇ ಇದ್ದರೆ, ವೈದ್ಯರು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಒಮ್ಮೆ ಮಾಡಿಸಿದ ಪರೀಕ್ಷೆಯನ್ನು ಮತ್ತೆ ಏಕೆ ಎಂದು ಪೋಷಕರು ಬೇಸರಪಡಬಾರದು. ಮೊದಲ ದಿನ ಕಾಣದುದು ಮರುದಿನ ಕಾಣಬಹುದು.

ಇಲ್ಲಿ ನಮ್ಮ ಮನೆಮದ್ದಿನ ಪದ್ಧತಿಯ ಬಗೆಗೂ ಒಂದು ಮಾತನ್ನು ಹೇಳಲೇಬೇಕು. ಹೊಟ್ಟೆನೋವೆಂದರೆ ಓಂಕಾಳು, ಇಂಗು, ಜೀರಿಗೆ ಕಷಾಯ ಕೊಡುವುದು ನಮ್ಮ ಹಿರಿಯರಿಂದ ಬಂದ ರೂಢಿ. ಆರೋಗ್ಯವಂತ ಮಗುವಿನ ಅಜೀರ್ಣಕ್ಕೆ ಅವು ಸಾಕಾಗಬಹುದು. ಈ ರೋಗವುಳ್ಳ ಮಗುವಿಗೆ ಮಾತ್ರ ಹರಳೆಣ್ಣೆ ಕುಡಿಸುವುದು, ಬೇಧಿ ಮಾಡಿಸುವುದು, ಬಟ್ಟಿ ಸರಿದಿದೆಯೆಂದು ಹೊಟ್ಟೆ ನೀವಿಸುವುದು, ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡುವುದು ಅತ್ಯಂತ ಅಪಾಯಕಾರಿ. ಹುಣ್ಣಾದ ಕರುಳು ಅದನ್ನು ತಾಳಲಾರದು. ಕೆಲವು ನೋವಿನ ಮಾತ್ರೆಗಳು ಸ್ಟೀರಾಯ್ಡಿನ ಜೊತೆ ಸೇರಿ ಹುಣ್ಣನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಪರೀಕ್ಷೆ ಮತ್ತು ಚಿಕಿತ್ಸೆ

ರೋಗನಿರ್ಣಯಕ್ಕೆ ರಕ್ತದಲ್ಲಿ ಸ್ನಾಯುವಿನಿಂದ ಸೋರಿದ ಕಿಣ್ವಗಳ ಪ್ರಮಾಣವನ್ನು ಅಳೆಯುತ್ತಾರೆ. ಇವುಗಳಲ್ಲಿ ಕೆಲವು ಯಕೃತ್ತಿನಲ್ಲಿಯೂ ಇರುವುದರಿಂದ ವರದಿಯನ್ನು ನೋಡಿ ಇದು ಯಕೃತ್ತಿನ ರೋಗವೆಂದು ತಪ್ಪಾಗಿ ತಿಳಿಯುವ ಸಂಭವವುಂಟು. ಸಿಪಿಕೆ ಎಂಬ ಕಿಣ್ವವು ಕೆಲವು ಮಕ್ಕಳಲ್ಲಿ ಸಹಜ ಮಟ್ಟದಲ್ಲಿಯೇ ಇರಬಹುದು. ಹಾಗೆಂದು ರೋಗವಿಲ್ಲವೆಂದು ಹೇಳಲಾಗದು. ಎಂಆರ್‌ಐ ಚಿತ್ರಣದಲ್ಲಿ ತೊಡೆಯ ಸ್ನಾಯುಗಳ ಉರಿಯೂತ ಚೆನ್ನಾಗಿ ಕಾಣುತ್ತದೆ. ಅವಶ್ಯವಿದ್ದಲ್ಲಿ ಸ್ನಾಯುವಿನ ಸಣ್ಣ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ.

ಸ್ಟೀರಾಯ್ಡ್ ಬರುವ ಮುನ್ನ ಈ ರೋಗ ತಗಲಿದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ತೀರಿಕೊಳ್ಳುತ್ತಿತ್ತು. ಇನ್ನೊಂದು ಭಾಗ ಅಂಗವೈಕಲ್ಯದಿಂದ ಬಳಲುತ್ತಿತ್ತು. ಇಂದು ಉತ್ತಮ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಸಾವು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಈ ಬದಲಾವಣೆ ಸಾಮಾನ್ಯವಾದುದಲ್ಲ. ಸ್ಟೀರಾಯ್ಡ್ ಎಂದೊಡನೆ ಬೆಚ್ಚಿ ಹಿಂದೆ ಸರಿಯುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ನಾವು ಕೋರುತ್ತೇವೆ.

ಇಂದಿನ ಪದ್ಧತಿಯಲ್ಲಿ ಸ್ಟೀರಾಯ್ಡಿನ ಜೊತೆಗೆ ಮೊದಲಿನಿಂದಲೇ ಮೆಥೊಟ್ರೆಕ್ಸೇಟ್ ಎಂಬ ಔಷಧಿಯನ್ನು ಸೇರಿಸುತ್ತಾರೆ. 22 ದೇಶಗಳ 139 ಮಕ್ಕಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಬರಿಯ ಸ್ಟೀರಾಯ್ಡಿಗಿಂತ ಹೀಗೆ ಸೇರಿಸಿ ಕೊಡುವುದೇ ಮೇಲೆಂದು ತೋರಿಸಿತು. ರೋಗ ತೀವ್ರವಾಗಿದ್ದರೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೊಗ್ಲಾಬ್ಯುಲಿನ್ ಎಂಬ ದ್ರವ್ಯವನ್ನು ರಕ್ತನಾಳದ ಮೂಲಕ ನೀಡುತ್ತಾರೆ. ಕರುಳಿನ ತೊಡಕಿನಂತಹ ಗಂಭೀರ ಸ್ಥಿತಿಯಲ್ಲಿ ಸೈಕ್ಲೊಫಾಸ್ಫಮೈಡ್ ಎಂಬ ಪ್ರಬಲ ಔಷಧಿಯೂ ಬೇಕಾಗಬಹುದು.

ಕರುಳಿನಲ್ಲಿ ರಂಧ್ರವಾಗಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಬಾಯಿಯ ಮೂಲಕ ಆಹಾರವನ್ನು ನಿಲ್ಲಿಸಿ, ಪೋಷಣೆಯನ್ನು ರಕ್ತನಾಳದ ಮೂಲಕ ನೀಡಿ, ಕರುಳಿಗೆ ವಿಶ್ರಾಂತಿ ಕೊಡುತ್ತಾರೆ. ಒಂದು ರಂಧ್ರವನ್ನು ಮುಚ್ಚಿದ ಬಳಿಕ ಮತ್ತೊಂದೆಡೆ ರಂಧ್ರವಾಗುವುದೂ ಉಂಟು. ಏಕೆಂದರೆ ಶಸ್ತ್ರಚಿಕಿತ್ಸೆಯಿಂದ ರಂಧ್ರ ಮುಚ್ಚಬಹುದೇ ಹೊರತು ರಕ್ತನಾಳದ ರೋಗ ವಾಸಿಯಾಗದು. ಆದುದರಿಂದ ಮಕ್ಕಳ ಶಸ್ತ್ರಚಿಕಿತ್ಸಕರು ಮತ್ತು ಮಕ್ಕಳ ಸಂಧಿವಾತ ತಜ್ಞರು ಕೂಡಿ ಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಯೇ ಇದಕ್ಕೆ ತಕ್ಕುದು. ನಮ್ಮ ರಾಜ್ಯದಲ್ಲಿ ಇಂತಹ ಮಕ್ಕಳ ಸಂಧಿವಾತ ತಜ್ಞರ ಸೇವೆ ಬೆಂಗಳೂರಿನಲ್ಲಿ ಲಭ್ಯವಿದೆ. ದೂರದ ಊರಿನವರು ಮೊದಲು ತಮ್ಮ ಜಿಲ್ಲೆಯ ಮಕ್ಕಳ ತಜ್ಞರನ್ನು ಕಂಡು, ತುರ್ತು ಸ್ಥಿತಿಯಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮುಂಚಿತವಾಗಿಯೇ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.

ವಯಸ್ಕರ ವಿಷಯದಲ್ಲಿ

ವಯಸ್ಕರಲ್ಲಿ ಈ ರೋಗ ಕಾಣಿಸಿಕೊಂಡಾಗ ಎರಡು ವಿಷಯಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಕೆಲವರಲ್ಲಿ ಇದು ಒಳಗಿರುವ ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು. ಆದುದರಿಂದ ವೈದ್ಯರು ಆ ದಿಸೆಯಲ್ಲಿಯೂ ಪರೀಕ್ಷಿಸುತ್ತಾರೆ. ಮಕ್ಕಳಲ್ಲಿ ಈ ಸಂಬಂಧ ಕಂಡುಬರುವುದಿಲ್ಲ. ಎರಡನೆಯದಾಗಿ, ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇವರಲ್ಲಿ ಹೆಚ್ಚು. ಒಂದೇ ಕಾಲು ಊದಿಕೊಂಡು ನೋಯುವುದು, ಒಮ್ಮೆಲೇ ಉಸಿರು ಕಟ್ಟಿದಂತಾಗುವುದು ಇವುಗಳನ್ನು ತುರ್ತು ಲಕ್ಷಣಗಳೆಂದೇ ತಿಳಿಯಬೇಕು.

ಮನೆಯವರು ಪಾಲಿಸಬೇಕಾದುದು

ಸ್ಟೀರಾಯ್ಡನ್ನು ತಾವಾಗಿಯೇ ಎಂದಿಗೂ ನಿಲ್ಲಿಸಬಾರದು. ದೀರ್ಘಕಾಲ ಹೊರಗಿನಿಂದ ಸ್ಟೀರಾಯ್ಡ್ ದೊರೆತಾಗ ಶರೀರವು ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಮಗು ಮಾತ್ರೆಯನ್ನು ಪದೇ ಪದೇ ವಾಂತಿ ಮಾಡಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಮೂಲಕ ಪಡೆಯಬೇಕು.

ಶಿವರಾತ್ರಿಯಂತಹ ಪರ್ವದಿನಗಳಲ್ಲಿ, ಶ್ರಾವಣ ಸೋಮವಾರಗಳಲ್ಲಿ ಉಪವಾಸವಿರುವ ಭಕ್ತರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಈ ರೋಗಕ್ಕೆ ಚಿಕಿತ್ಸೆ ಪಡೆಯುವವರು ಮಾತ್ರೆ ಬಿಟ್ಟು ಉಪವಾಸವಿರುವುದಾಗಲಿ, ಬರಿಹೊಟ್ಟೆಯಲ್ಲಿ ಸ್ಟೀರಾಯ್ಡ್ ನುಂಗುವುದಾಗಲಿ ತರವಲ್ಲ. ಮಗುವಿನ ಹೆಸರಿನಲ್ಲಿ ಹರಕೆ ಹೊತ್ತ ತಾಯಂದಿರು ಉಪವಾಸವನ್ನು ಮಗುವಿನ ಮೇಲೆ ಹೇರಬಾರದು.

ಬಿಸಿಲು ಈ ರೋಗವನ್ನು ಕೆರಳಿಸುತ್ತದೆ. ತುಂಬುತೋಳಿನ ಹತ್ತಿಯ ಬಟ್ಟೆ, ಅಗಲ ಅಂಚಿನ ಟೊಪ್ಪಿಗೆ, ವೈದ್ಯರು ಸೂಚಿಸಿದ ಸನ್‌ಸ್ಕ್ರೀನ್ ಬಳಸಬೇಕು. ಜಾತ್ರೆ, ರಥೋತ್ಸವಗಳಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಮಗುವನ್ನು ನಿಲ್ಲಿಸಬಾರದು. ರೋಗ ಹತೋಟಿಗೆ ಬರುತ್ತಿದ್ದಂತೆ ಫಿಸಿಯೊಥೆರಪಿ ತಜ್ಞರ ಸಲಹೆಯಂತೆ ವ್ಯಾಯಾಮ ಮಾಡಿಸಬೇಕು. ಮಲಗಿಸಿಯೇ ಇಟ್ಟರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಚಿಕಿತ್ಸೆ ತಡವಾದ ಮಕ್ಕಳಲ್ಲಿ ಚರ್ಮದ ಕೆಳಗೆ ಸುಣ್ಣದ ಗಂಟುಗಳು ಕಟ್ಟಿಕೊಳ್ಳುವುದು ಹೆಚ್ಚು. ಅವನ್ನು ಒಡೆಯಲು ಪ್ರಯತ್ನಿಸಬಾರದು. ಜೀವಂತ ರೋಗಾಣುವಿರುವ ಲಸಿಕೆಗಳನ್ನು ಚಿಕಿತ್ಸೆಯ ಸಮಯದಲ್ಲಿ ವೈದ್ಯರನ್ನು ಕೇಳದೆ ಹಾಕಿಸಬಾರದು.

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ, ರಾತ್ರಿಯಾಗಿದ್ದರೂ ಸರಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು:

1. ಹೊಸದಾಗಿ ಬಂದ, ಬಿಡದೆ ಉಳಿದ ಅಥವಾ ಹೆಚ್ಚುತ್ತಿರುವ ಹೊಟ್ಟೆನೋವು. ನೋವು ಬೆನ್ನಿನ ಕಡೆಗೆ ಹರಿದರೂ ಇದೇ ಮಾತು.
2. ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗಬಹುದು. ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ.
3. ವಾಂತಿಯಲ್ಲಿ ರಕ್ತ ಅಥವಾ ಹಸಿರು ಪಿತ್ತ, ಹೊಟ್ಟೆ ಉಬ್ಬರಿಸಿ ಮಲ ಹಾಗೂ ಗಾಳಿ ನಿಂತುಹೋಗುವುದು.
4. ಜ್ವರವಿಲ್ಲದಿದ್ದರೂ ನಾಡಿಯ ವೇಗದ ಬಡಿತ, ಮಂಕು, ತಣ್ಣಗಾದ ಕೈಕಾಲು.
5. ನುಂಗಲು ತೊಂದರೆ, ದನಿಯ ಬದಲಾವಣೆ, ಉಸಿರಾಟದ ಕಷ್ಟ.

ಆಸ್ಪತ್ರೆಗೆ ಹೋದೊಡನೆ ಮೊದಲು ಹೇಳಬೇಕಾದ ಮಾತು ಒಂದೇ: ‘ಮಗುವಿಗೆ ಡರ್ಮಟೊಮಯೋಸೈಟಿಸ್ ಇದೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದೆ.’ ರಾತ್ರಿಪಾಳಿಯ ವೈದ್ಯರಿಗೆ ಈ ರೋಗ ಹೊಸದಾಗಿರಬಹುದು. ಆದುದರಿಂದ ರೋಗದ ಹೆಸರು, ಔಷಧಿಗಳ ಪ್ರಮಾಣ, ಚಿಕಿತ್ಸೆ ನೀಡುವ ತಜ್ಞರ ದೂರವಾಣಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಸದಾ ಜೊತೆಯಲ್ಲಿಡಬೇಕು. ಆ ಚೀಟಿಯನ್ನು ನೋಡಿದ ವೈದ್ಯರು ಹೊಟ್ಟೆ ಮೆತ್ತಗಿದ್ದರೂ ಮಗುವನ್ನು ಮನೆಗೆ ಕಳುಹಿಸದೆ ಪರೀಕ್ಷೆಗೆ ಒಳಪಡಿಸುತ್ತಾರೆ.

ಕೊನೆಯದಾಗಿ, ಇಂತಹ ಮಗುವಿನ ಆರೈಕೆ ತಾಯಿಯೊಬ್ಬಳ ಹೊಣೆಯಾಗಿ ಉಳಿಯದಿರಲಿ. ಸ್ಟೀರಾಯ್ಡಿನಿಂದ ಊದಿದ ಮುಖವನ್ನು ನೋಡಿ ಆಡಿಕೊಳ್ಳುವವರೂ, ಔಷಧಿ ಬಿಡಿಸಿರೆಂದು ಉಪದೇಶಿಸುವವರೂ ಎಲ್ಲೆಡೆ ಇರುತ್ತಾರೆ. ರೋಗ ಹತೋಟಿಗೆ ಬಂದು ಔಷಧಿ ಕಡಿಮೆಯಾದಂತೆ ಆ ಊತ ಇಳಿಯುತ್ತದೆ. ಅನೇಕ ಮಕ್ಕಳು ಮತ್ತೆ ಓಡಾಡಿ, ಶಾಲೆಗೆ ಹೋಗಿ, ಬೆಳೆದು ತಮ್ಮ ಕಾಯಕದಲ್ಲಿ ತೊಡಗುತ್ತಾರೆ. ಅಲ್ಲಿಯವರೆಗೆ ಆ ಮನೆಗೆ ಬೇಕಾದುದು ನೆರೆಹೊರೆಯ ಧೈರ್ಯದ ಮಾತು, ರಾತ್ರಿ ವೇಳೆ ಆಸ್ಪತ್ರೆಗೆ ಹೋಗಲು ಒಂದು ವಾಹನ, ಜೊತೆಗೊಬ್ಬರು. ಇಂತಹ ಮಗುವಿರುವ ಮನೆ ನಿಮ್ಮ ಊರಿನಲ್ಲಿದ್ದರೆ ಈ ಲೇಖನವನ್ನು ಅವರಿಗೆ ಓದಿ ಹೇಳಿರೆಂದು ನಮ್ಮ ವಿನಂತಿ.